‘ಸಾಮಾನ್ಯವಾಗಿ’ ಎಂಬ ಒಂದು ಮಾತು

‘ಸಾಮಾನ್ಯವಾಗಿ’ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅದು ಶಾಸನದೊಳಗೆ ಹೊಕ್ಕರೆ ಏನಾದೀತೆಂಬುದನ್ನು ಸ್ಕಾಟ್ಲೆಂಡಿನವರನ್ನು ಕೇಳಬೇಕು. 1998ರಲ್ಲಿ, ಅವರಿಗೆ ಸ್ವಂತ ಶಾಸನಸಭೆ ಕೊಡುವ ಮಸೂದೆಯ ಚರ್ಚೆಯಲ್ಲಿ, ಲಾರ್ಡ್ ಸ್ಯೂಯೆಲ್ ಭರವಸೆಯಿತ್ತರು: ಬಿಟ್ಟುಕೊಟ್ಟ ವಿಷಯಗಳಲ್ಲಿ ಎಡಿನ್‌ಬರೋದ ಒಪ್ಪಿಗೆಯಿಲ್ಲದೆ ಲಂಡನ್ನಿನ ಪಾರ್ಲಿಮೆಂಟು ‘ಸಾಮಾನ್ಯವಾಗಿ’ ಶಾಸನ ಮಾಡುವುದಿಲ್ಲ. 2016ರಲ್ಲಿ ಈ ರೂಢಿ ಕಾನೂನಿನ ಪುಟಕ್ಕೇ ಏರಿತು.

ಅದೇ ವರ್ಷದ ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟವನ್ನು ಬಿಡಲು ಮತವಿತ್ತರು. ಸ್ಕಾಟ್ಲೆಂಡಿನಲ್ಲಾದರೋ ನೂರಕ್ಕೆ 62 ಮತ ಉಳಿಯುವುದರ ಪರವಾಗಿತ್ತು. ಐರೋಪ್ಯ ಕಾನೂನಿಗೆ ವಿರುದ್ಧವಾಗಿ ಶಾಸನ ಮಾಡಕೂಡದೆಂಬುದು ಎಡಿನ್‌ಬರೋ ಸಭೆಗೆ ಹುಟ್ಟಿನಲ್ಲೇ ಹಾಕಿದ್ದ ಕಟ್ಟು. ಒಕ್ಕೂಟ ಬಿಟ್ಟರೆ ಆ ಕಟ್ಟು ಕಳಚಬೇಕು. ತನ್ನ ಅಧಿಕಾರದ ಎಲ್ಲೆಯೇ ಬದಲಾಗುವಾಗ ತನ್ನನ್ನು ಕೇಳಬೇಡವೇ? ನ್ಯಾಯವಾದ ಪ್ರಶ್ನೆಯೆಂದೇ ನನಗೆ ತೋರುತ್ತದೆ. ಆದರೆ 2017ರ ಜನವರಿ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು: ಇದು ರಾಜಕೀಯ ರೂಢಿ; ಇದನ್ನು ಪಾಲಿಸುವಂತೆ ಮಾಡುವುದು ನ್ಯಾಯಾಲಯದ ಕೆಲಸವಲ್ಲ. ಕಾನೂನಿನಲ್ಲಿ ಬರೆದಿದ್ದರೂ ಅಷ್ಟೇ!

2020ರ ಜನವರಿಯಲ್ಲಿ ಎಡಿನ್‌ಬರೋ, ಕಾರ್ಡಿಫ್, ಬೆಲ್‌ಫಾಸ್ಟ್ ಮೂರು ಸಭೆಗಳೂ ನಿರ್ಗಮನದ ಮಸೂದೆಗೆ ಒಪ್ಪಿಗೆ ನಿರಾಕರಿಸಿದವು. ಸಂದರ್ಭ ‘ಸಾಮಾನ್ಯ’ವಲ್ಲವೆಂದು ಲಂಡನ್ ಉತ್ತರಿಸಿತು. 23ರಂದು ರಾಣಿಯ ಅಂಕಿತ ಬಿತ್ತು. 31ರ ರಾತ್ರಿ ಬ್ರಿಟನ್ ಹೊರಬಂದಿತು, ಸ್ಕಾಟ್ಲೆಂಡೂ ಅದರ ಜೊತೆಗೆ.