ತಾತಗುಣಿ: ಪಾಳುಬಿದ್ದ ಎಸ್ಟೇಟಿನ ಚರಿತ್ರೆ

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ತಲಘಟ್ಟಪುರ ದಾಟಿ ಸ್ವಲ್ಪ ದೂರ ಹೋದರೆ ತಾತಗುಣಿ ಸಿಗುತ್ತದೆ. ಊರು ಚಿಕ್ಕದು. ಅದರ ಹೆಸರು ನಾಡಿನಲ್ಲೆಲ್ಲ ಹರಡಿದ್ದು ಪಕ್ಕದ ಎಸ್ಟೇಟಿನಿಂದ. ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆಟೋಸ್ಲಾವ್ ರೋರಿಚ್ ಮತ್ತು ಹಿಂದಿ ಚಿತ್ರರಂಗದ ಮೊದಲ ತಲೆಮಾರಿನ ತಾರೆ ದೇವಿಕಾ ರಾಣಿ ನಾಲ್ಕು ದಶಕ ಕಾಲ ಒಡೆತನ ಮಾಡಿದ ಸುಮಾರು 470 ಎಕರೆ ಜಮೀನು ಇದು. ಇಬ್ಬರೂ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು, ತೋಟ ಕಾಡಾಯಿತು, ಒಡೆತನ ನ್ಯಾಯಾಲಯದ ಮೆಟ್ಟಿಲೇರಿತು. ನಗರ ಸುತ್ತಲಿನ ಹಳ್ಳಿಗಳನ್ನೆಲ್ಲ ಸೈಟುಗಳಾಗಿ ತುಂಡರಿಸಿದ ಕಾಲದಲ್ಲಿ ಇಷ್ಟು ದೊಡ್ಡ ಜಮೀನು ಒಂದೇ ತುಂಡಾಗಿ ಉಳಿದುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಮೆಕ್ಸಿಕೋ ಮೂಲದ ಒಂದು ಮರ, ಎರಡನೆಯದು ಕರ್ನಾಟಕ ಸರ್ಕಾರ ಈ ಎಸ್ಟೇಟಿಗಾಗಿಯೇ ತಂದ ಒಂದು ಕಾನೂನು.

ಜಮೀನಿನ ಬಹುಭಾಗ ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ ಮತ್ತು ಉತ್ತರಹಳ್ಳಿ ಹೋಬಳಿಗಳ ಕಾವಲ್ ಭೂಮಿಗೆ ಸೇರಿದ್ದು. ಮೈಸೂರು ಸಂಸ್ಥಾನದ ಕಾಲದಲ್ಲಿ ದನಗಳ ಮೇವಿಗೆಂದು ಕಾದಿರಿಸಿದ ಇಂಥ ಹುಲ್ಲುಗಾವಲುಗಳು ಬೆಂಗಳೂರಿನ ಸುತ್ತ ಹಲವಿದ್ದವು. ಇಲ್ಲಿನ ಬಿ.ಎಂ. ಕಾವಲ್‌ನಲ್ಲಿ ಇಂದಿಗೂ ಮೀಸಲು ಅರಣ್ಯವಿದೆ. ಇನ್ನೂ ದಕ್ಷಿಣಕ್ಕೆ ಬನ್ನೇರುಘಟ್ಟದ ಕಾಡು. ಹೀಗಾಗಿ ಈ ಭಾಗ ಮೊದಲಿನಿಂದಲೂ ಊರು ಮತ್ತು ಅಡವಿಯ ಗಡಿನೆಲವಾಗಿತ್ತು. ಚಿರತೆಗಳ ಓಡಾಟ ಇಲ್ಲಿ ಈಗಲೂ ನಿಂತಿಲ್ಲ.

ಸ್ವೆಟೋಸ್ಲಾವ್ ರೋರಿಚ್ 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ತಂದೆ ನಿಕೋಲಸ್ ರೋರಿಚ್ ಹಿಮಾಲಯದ ಚಿತ್ರಗಳಿಂದ ಹೆಸರಾದ ಕಲಾವಿದ. ಯುದ್ಧಕಾಲದಲ್ಲೂ ಶಾಂತಿಕಾಲದಲ್ಲೂ ಕಲೆ ಮತ್ತು ವಿದ್ಯೆಯ ಸಂಸ್ಥೆಗಳನ್ನು, ಸ್ಮಾರಕಗಳನ್ನು ಕಾಪಾಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರೇರಕರೂ ಅವರೇ. ರೋರಿಚ್ ಒಪ್ಪಂದವೆಂದೇ ಹೆಸರಾದ ಅದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. ಕುಟುಂಬ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1928ರಲ್ಲಿ ಉರುಸ್ವತಿ ಎಂಬ ಹಿಮಾಲಯ ಅಧ್ಯಯನ ಸಂಸ್ಥೆಯನ್ನು ಕಟ್ಟಿತು. ಭಾವಚಿತ್ರ ಬರೆಯುವುದರಲ್ಲಿ ಮಗನ ಕೈ ಪಳಗಿತ್ತು. ಅವರು ಬರೆದ ಜವಾಹರಲಾಲ್ ನೆಹರೂ ಭಾವಚಿತ್ರಕ್ಕೆ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿ ಸ್ಥಾನ ದೊರಕಿತು. 1961ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ದೇವಿಕಾ ರಾಣಿ 1908ರಲ್ಲಿ ಈಗಿನ ವಿಶಾಖಪಟ್ಟಣಕ್ಕೆ ಸೇರಿದ ವಾಲ್ಟೇರ್‌ನಲ್ಲಿ ಹುಟ್ಟಿದರು. ಗಂಡ ಹಿಮಾಂಶು ರಾಯ್ ಜೊತೆಗೂಡಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. 1936ರ ‘ಅಛೂತ್ ಕನ್ಯಾ’ ಅವರಿಗೆ ದೇಶದುದ್ದಕ್ಕೂ ಹೆಸರು ತಂದಿತು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡ ಮೇಲೆ ಕೆಲವು ವರ್ಷ ಸ್ಟುಡಿಯೋದ ಆಡಳಿತ ನೋಡಿಕೊಂಡು, 1945ರಲ್ಲಿ ಚಿತ್ರರಂಗ ಬಿಟ್ಟರು. ಅದೇ ವರ್ಷ ರೋರಿಚ್ ಅವರನ್ನು ಮದುವೆಯಾದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆರಂಭವಾದಾಗ ಅದನ್ನು ಮೊದಲು ಪಡೆದವರು ಅವರೇ. ಮದುವೆಯ ನಂತರ ಸ್ವಲ್ಪ ಕಾಲ ಕುಲುವಿನಲ್ಲಿದ್ದ ದಂಪತಿ, ಬಳಿಕ ಬೆಂಗಳೂರಿಗೆ ಬಂದು ನೆಲೆಸಿದರು.

ತಾತಗುಣಿಯ ಜಮೀನು ಅವರ ಕೈಸೇರಿತು. ಅದರಲ್ಲಿ ಸುಮಾರು 141 ಎಕರೆಯನ್ನು ಸರ್ಕಾರ 1954ರಲ್ಲಿ ಲಿನಾಲೋ ಬೆಳೆಸಲೆಂದು ಮಂಜೂರು ಮಾಡಿತ್ತು. ಉಳಿದುದು ದಂಪತಿ ಕೊಂಡದ್ದು. ಲಿನಾಲೋ ಮೆಕ್ಸಿಕೋದ ಒಣನಾಡಿನ ಮರ. ಸಾಂಬ್ರಾಣಿ, ಗುಗ್ಗುಳಗಳ ಸಸ್ಯಕುಟುಂಬಕ್ಕೇ ಸೇರಿದ್ದು. ಮೆಕ್ಸಿಕೋದ ಒಲಿನಾಲಾ ಪಟ್ಟಣದಲ್ಲಿ ಇದರ ಸುವಾಸನೆಯ ಕಟ್ಟಿಗೆಯಿಂದ ಬಣ್ಣದ ಪೆಟ್ಟಿಗೆಗಳನ್ನು ಮಾಡುತ್ತಾರೆ. ಅಲ್ಲಿ ಹಿಂದೆ ಎಣ್ಣೆಗಾಗಿ ಮರವನ್ನೇ ಕಡಿಯುತ್ತಿದ್ದರು. ಬೆಂಗಳೂರಿನ ಸುತ್ತ ರೂಢಿಯಾದ ಕ್ರಮದಲ್ಲಿ ಮರ ಉಳಿಯುತ್ತದೆ. ಹಣ್ಣಾದ ಕಾಯಿಗಳನ್ನು ಕೊಯ್ದು, ಅವುಗಳ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಲಿನಲೈಲ್ ಅಸಿಟೇಟ್ ಮತ್ತು ಲಿನಲೂಲ್ ಎಂಬ ಅಂಶಗಳಿಂದ ಅದಕ್ಕೆ ಲ್ಯಾವೆಂಡರ್‌ನಂಥ ಪರಿಮಳ ಬರುತ್ತದೆ. ಸುಗಂಧದ್ರವ್ಯ ಮತ್ತು ಸಾಬೂನು ತಯಾರಕರು ಇದನ್ನು ಕೊಳ್ಳುತ್ತಾರೆ. ಟೊಂಗೆ ನೆಟ್ಟರೂ ಚಿಗುರುವ, ಮಳೆ ಕಡಿಮೆಯಾದರೂ ತಾಳಿಕೊಳ್ಳುವ ಈ ಮರ ಇಲ್ಲಿನ ನೆಲಕ್ಕೆ ಒಗ್ಗಿಕೊಂಡಿತು.

ಎಸ್ಟೇಟನ್ನು ಕಾನೂನಿನ ಕಣ್ಣಿನಲ್ಲಿ ಉಳಿಸಿದ್ದೂ ಇದೇ ಬೆಳೆ. 1974ರಲ್ಲಿ ಕರ್ನಾಟಕದ ಭೂಸುಧಾರಣೆ ಬಿಗಿಯಾಗಿ ಜಾರಿಗೆ ಬಂದಾಗ ದೊಡ್ಡ ಹಿಡುವಳಿಗಳು ಮಿತಿಗೆ ಒಳಗಾದವು. ಹೆಚ್ಚುವರಿ ಜಮೀನನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಆದರೆ ಲಿನಾಲೋ ಬೆಳೆಯುವ ಭೂಮಿಗೆ ವಿನಾಯಿತಿ ಇತ್ತು. ತಮ್ಮ ಜಮೀನೆಲ್ಲವೂ ಲಿನಾಲೋ ತೋಟವೇ ಎಂದು ದಂಪತಿ ಘೋಷಣೆ ಸಲ್ಲಿಸಿದರು. 1982ರಲ್ಲಿ ಭೂ ನ್ಯಾಯಮಂಡಳಿ ಅದನ್ನು ಒಪ್ಪಿ ಪ್ರಕರಣ ಕೈಬಿಟ್ಟಿತು.

ಎಸ್ಟೇಟ್ ಬರಿಯ ತೋಟವಾಗಿರಲಿಲ್ಲ. ಮನೆ, ಚಿತ್ರಶಾಲೆ, ಕೆರೆ, ಹಳೆಯ ಮರಗಳು ಎಲ್ಲವೂ ಅದರೊಳಗಿದ್ದವು. ದಕ್ಷಿಣದ ಕೆಂಪು ಮಣ್ಣು, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು, ಸಂಜೆಯ ಆಕಾಶ ಇವೆಲ್ಲ ರೋರಿಚ್ ಅವರ ಕುಂಚಕ್ಕೆ ವಸ್ತುವಾದವು. ಬೆಂಗಳೂರಿನ ಕಲಾಜೀವನದಲ್ಲೂ ಅವರು ಬೆರೆತರು. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಂದಿಗೆ ಅವರ ನಂಟು ಗಾಢವಾಗಿತ್ತು. ತಂದೆ ಮತ್ತು ಮಗನ ಚಿತ್ರಗಳನ್ನು ಅಲ್ಲಿನ ರೋರಿಚ್ ಗ್ಯಾಲರಿಗಳಲ್ಲಿ ಇಂದು ಯಾರು ಬೇಕಾದರೂ ನೋಡಬಹುದು.

ಕೊನೆಯ ವರ್ಷಗಳಲ್ಲಿ ವಯಸ್ಸು ಮತ್ತು ಅನಾರೋಗ್ಯದಿಂದಾಗಿ ದಂಪತಿ ಬೆಂಗಳೂರು ನಗರದ ಹೋಟೆಲೊಂದರಲ್ಲಿ ಉಳಿದರು. ತೋಟದ ಮೇಲಿನ ನಿಗಾ ಅಲ್ಲಿಂದಲೇ ಸಡಿಲವಾಯಿತು. ರೋರಿಚ್ 1993ರ ಜನವರಿ 30ರಂದು, ದೇವಿಕಾ ರಾಣಿ 1994ರ ಮಾರ್ಚ್ 9ರಂದು ತೀರಿಕೊಂಡರು. ಇಬ್ಬರ ಸಮಾಧಿಗಳೂ ಎಸ್ಟೇಟಿನೊಳಗೇ ಇವೆ. ಅವರಿಗೆ ಮಕ್ಕಳಿರಲಿಲ್ಲ. ಜಮೀನಿನ ಒಂದು ಭಾಗವನ್ನು ದಂಪತಿ ತನಗೆ ಮಾರಿದ್ದಾರೆಂದು ಕೆ.ಟಿ. ಪ್ಲಾಂಟೇಶನ್ ಎಂಬ ಖಾಸಗಿ ಕಂಪನಿ ಹಕ್ಕು ಮಂಡಿಸಿತು. ಆಸ್ತಿ ಯಾರದು, ಚಿತ್ರಗಳು ಯಾರವು ಎಂಬ ಪ್ರಶ್ನೆಗಳು ಒಂದರ ಬೆನ್ನಿಗೊಂದು ಎದ್ದವು.

ಸರ್ಕಾರ ಮೊದಲು 1994ರ ಮಾರ್ಚ್‌ನಲ್ಲಿ ಲಿನಾಲೋ ಬೆಳೆಗಿದ್ದ ವಿನಾಯಿತಿಯನ್ನು ಹಿಂತೆಗೆಯಿತು. ಬಳಿಕ ಸುಗ್ರೀವಾಜ್ಞೆ ಹೊರಡಿಸಿ, 1996ರಲ್ಲಿ ರೋರಿಚ್ ಮತ್ತು ದೇವಿಕಾ ರಾಣಿ ರೋರಿಚ್ ಎಸ್ಟೇಟ್ ಸ್ವಾಧೀನ ಮತ್ತು ವರ್ಗಾವಣೆ ಕಾಯ್ದೆಯನ್ನು ತಂದಿತು. ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯ್ದೆ ಐದು ಕೋಟಿ ರೂಪಾಯಿ ಪರಿಹಾರ ಗೊತ್ತುಮಾಡಿ, ಜಮೀನು, ಕಟ್ಟಡ, ಕಲಾಕೃತಿಗಳನ್ನು ಒಟ್ಟಾಗಿ ಕಾಪಾಡುವುದು ಸಾರ್ವಜನಿಕ ಹಿತವೆಂದು ಸಾರಿತು. ಕಂಪನಿ ಇದನ್ನು ಪ್ರಶ್ನಿಸಿತು. ಪ್ರಕರಣ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಹೋಯಿತು. 2011ರ ಆಗಸ್ಟ್ 9ರಂದು ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯನ್ನು ಸರ್ಕಾರ ಕಸಿದುಕೊಳ್ಳಬೇಕಾದರೆ ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರದ ಹಕ್ಕು ಸಂವಿಧಾನದ 300ಎ ವಿಧಿಯಲ್ಲೇ ಅಡಗಿದೆ ಎಂದೂ ಹೇಳಿತು. ‘ಕೆ.ಟಿ. ಪ್ಲಾಂಟೇಶನ್ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಈ ತೀರ್ಪನ್ನು ಆಸ್ತಿಹಕ್ಕಿನ ಮಾತು ಬಂದಾಗಲೆಲ್ಲ ವಕೀಲರು ಉದ್ಧರಿಸುತ್ತಾರೆ. ತಾತಗುಣಿಯ ತೋಟವೊಂದರ ಜಗಳ ಹೀಗೆ ಕಾನೂನು ವಿದ್ಯಾರ್ಥಿಗಳ ಪಾಠವಾಯಿತು.

ದಾವೆ ನಡೆದ ಹದಿನೈದಕ್ಕೂ ಹೆಚ್ಚು ವರ್ಷ ಜಮೀನು ಕೈಬದಲಾಗದೆ ಉಳಿಯಿತು, ಆದರೆ ಆರೈಕೆ ಕಾಣಲಿಲ್ಲ. ಜನರಿಲ್ಲದ ಮನೆ ಹಾಳಾಗುವ ಬಗೆ ಎಲ್ಲೆಡೆಯೂ ಒಂದೇ. ಮಳೆನೀರು ಹೋಗುವ ದಾರಿಯಲ್ಲಿ ಎಲೆ ಕಟ್ಟಿ ನೀರು ಗೋಡೆಗೆ ಇಳಿಯುತ್ತದೆ, ಒದ್ದೆ ಮರಕ್ಕೆ ಗೆದ್ದಲು ಹತ್ತುತ್ತದೆ, ಬಿರುಕಿನಲ್ಲಿ ಅರಳಿಯ ಸಸಿ ಬೇರು ಬಿಡುತ್ತದೆ. ತೋಟದಲ್ಲಿ ಸಾಲುಮರಗಳ ನಡುವೆ ಲಂಟಾನ ಹಬ್ಬುತ್ತದೆ. ಹೀಗೆ ಪೊದೆ ಬೆಳೆದ ಕಡೆ ಹಕ್ಕಿ, ಹಾವು, ಕಾಡುಪ್ರಾಣಿಗಳು ನೆಲೆ ಕಂಡುಕೊಳ್ಳುತ್ತವೆ. ಆದ್ದರಿಂದ ಇಂಥ ಜಾಗದಲ್ಲಿ ಕಟ್ಟಡ ಉಳಿಸುವ ಕೆಲಸ ಮತ್ತು ಕಾಡು ಉಳಿಸುವ ಕೆಲಸ ಒಂದಕ್ಕೊಂದು ಅಡ್ಡಬಾರದಂತೆ ಸಾಗಬೇಕು.

ಪಾಳುಬಂಗಲೆಗಳನ್ನು ಹುಡುಕಿಕೊಂಡು ಹೋಗಿ ಫೋಟೊ ತೆಗೆಯುವ ಹವ್ಯಾಸ ಈಚೆಗೆ ನಗರದ ಯುವಜನರಲ್ಲಿ ಬೆಳೆದಿದೆ. ತಾತಗುಣಿ ಅವರನ್ನು ಸೆಳೆಯುವುದು ಸಹಜ. ಆದರೆ ಎಸ್ಟೇಟ್ ಸರ್ಕಾರದ ಆಸ್ತಿ. ಅನುಮತಿ ಇಲ್ಲದೆ ಬೇಲಿ ಹಾರುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಡಿ ಅತಿಕ್ರಮ ಪ್ರವೇಶದ ಅಪರಾಧವಾಗಬಹುದು. ಶಿಥಿಲ ಛಾವಣಿ, ಪೊದೆ ಮುಚ್ಚಿದ ಬಾವಿ, ಹಾವು, ಚಿರತೆಗಳ ಅಪಾಯ ಬೇರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪಾಳುಮನೆಯಲ್ಲಿ ಬಿದ್ದಿರುವ ಒಂದು ಕಾಗದ, ಒಂದು ಚೌಕಟ್ಟು, ಎಣ್ಣೆ ತೆಗೆಯುವ ಬಟ್ಟಿಯ ಒಂದು ಭಾಗ ಕೂಡ ಇದ್ದ ಜಾಗದಲ್ಲೇ ಇದ್ದರೆ ದಾಖಲೆ. ಯಾರೋ ಎತ್ತಿಕೊಂಡು ಹೋದರೆ ಅದರ ಕಥೆ ಅಳಿಯುತ್ತದೆ. ಅನುಮತಿ ಪಡೆದು ಹೋದವರು ಎಲ್ಲಿ ಏನಿದೆ ಎಂದು ಬರೆದು, ಚಿತ್ರ ತೆಗೆದು ಇಟ್ಟರೆ ಆ ಕೆಲಸ ಊರ ಚರಿತ್ರೆಗೆ ನಿಜವಾಗಿ ಒದಗುತ್ತದೆ.

ಎಸ್ಟೇಟಿನ ಸುತ್ತಲಿನ ಊರು ಈ ನಡುವೆ ಬಹಳ ಬದಲಾಗಿದೆ. 2021ರಲ್ಲಿ ನಮ್ಮ ಮೆಟ್ರೋ ಹಸಿರು ಮಾರ್ಗ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂತು. ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಬಹುಮಹಡಿ ವಸತಿಗಳು ಎದ್ದವು. ಜಮೀನಿನ ಬೆಲೆ ಏರಿದಷ್ಟೂ ಖಾಲಿ ನೆಲದ ಮೇಲಿನ ಒತ್ತಡವೂ ಏರುತ್ತದೆ. ಹೀಗಿರುವಾಗ ಎಸ್ಟೇಟಿಗೆ ಆಸರೆಯಾಗಿ ನಿಂತಿರುವುದು 1996ರ ಕಾಯ್ದೆ. ಅದರ ಮಾತು ನಡೆಯಬೇಕಾದರೆ ಮನೆಯ ದುರಸ್ತಿ, ಚಿತ್ರಗಳ ಸಂರಕ್ಷಣೆ, ಮುಪ್ಪಾದ ಲಿನಾಲೋ ಮರಗಳ ಜಾಗದಲ್ಲಿ ಹೊಸ ಸಸಿ ನೆಡುವುದು, ಕೆರೆ ಮತ್ತು ಕಾಡಿನ ಕಾವಲು ಒಂದೇ ಯೋಜನೆಯಡಿ ನಡೆಯಬೇಕು. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿದರೆ ತಾತಗುಣಿ ಎಸ್ಟೇಟ್ ಪೂರ್ತಿಯಾಗಿ ಉಳಿದಂತಾಗುವುದಿಲ್ಲ.