ಮನೆಯಂಗಳದ ಲಾವಕ್ಕಿ: ಬಗೆಗಳನ್ನು ಗುರುತಿಸುವುದು ಮತ್ತು ತಳಿ ಸಂಕರಣ

ಕಡಿಮೆ ಜಾಗ ಮತ್ತು ಕಡಿಮೆ ಬಂಡವಾಳದಲ್ಲಿ ಕೈಗೊಳ್ಳಬಹುದಾದ ಉಪಕಸುಬುಗಳಲ್ಲಿ ಲಾವಕ್ಕಿ ಸಾಕಣೆಯೂ ಒಂದು. ಆದರೆ ಮನೆಯಲ್ಲೇ ಮರಿ ಮಾಡಿಸುವವರು ಎರಡು ತಪ್ಪುಗಳಿಂದ ನಷ್ಟ ಅನುಭವಿಸುತ್ತಾರೆ. ಹೊಲದಲ್ಲಿ ಹಿಡಿದ ಕಾಡುಹಕ್ಕಿಯನ್ನು ಸಾಕು ಹಕ್ಕಿಯೊಂದಿಗೆ ಕೂಡಿಸುವುದು ಒಂದು. ಒಂದೇ ಗುಂಪಿನ ಒಡಹುಟ್ಟಿದ ಹಕ್ಕಿಗಳಿಂದಲೇ ಪೀಳಿಗೆಗಟ್ಟಲೆ ಮರಿ ಪಡೆಯುವುದು ಇನ್ನೊಂದು. ಸಂಕರಣ ಮಾಡಬೇಕಾದುದು ಸಾಕು ಲಾವಕ್ಕಿಯ ಬೇರೆ ಬೇರೆ ತಳಿಗಳ ನಡುವೆ ಮಾತ್ರ.

ಸಾಕು ಹಕ್ಕಿ ಯಾವುದು, ಕಾಡುಹಕ್ಕಿ ಯಾವುದು?

ಲಾವಕ್ಕಿ, ಗೌಜಲಕ್ಕಿ ಎಂಬ ಹೆಸರುಗಳು ಊರಿಂದೂರಿಗೆ ಬೇರೆ ಬೇರೆ ಹಕ್ಕಿಗಳಿಗೆ ಸಲ್ಲುತ್ತವೆ. ಆದ್ದರಿಂದ ಹೆಸರಿಗಿಂತ ಲಕ್ಷಣಗಳನ್ನು ನೋಡಿ ಗುರುತಿಸುವುದು ಸೂಕ್ತ.

• ಜಪಾನಿ ಲಾವಕ್ಕಿ: ಫಾರಂಗಳಲ್ಲಿ ಸಾಕುವ ಹಕ್ಕಿ ಇದೊಂದೇ. ಐದು ವಾರಗಳಲ್ಲಿ ಸುಮಾರು 180ರಿಂದ 200 ಗ್ರಾಂ ತೂಗುತ್ತದೆ. ಆರೇಳು ವಾರಗಳಲ್ಲಿ ಮೊಟ್ಟೆ ಆರಂಭಿಸುತ್ತದೆ. ಮೊಟ್ಟೆಯ ತೂಕ ಸುಮಾರು 10 ಗ್ರಾಂ.
• ಬೂದು ಲಾವಕ್ಕಿ: ಚಳಿಗಾಲದಲ್ಲಿ ವಲಸೆ ಬರುತ್ತದೆ. ನೋಟಕ್ಕೆ ಜಪಾನಿ ಹಕ್ಕಿಯನ್ನೇ ಹೋಲುವುದರಿಂದ ಗೊಂದಲ ಹೆಚ್ಚು. ಗಾತ್ರ ಚಿಕ್ಕದು.
• ಮಳೆ ಲಾವಕ್ಕಿ: ಗಂಡಿನ ಎದೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ. ಮಳೆಗಾಲದಲ್ಲಿ ಹುಲ್ಲು ಮತ್ತು ಪೈರಿನ ನಡುವೆ ಕೂಗುತ್ತದೆ.
• ಪೊದೆ ಲಾವಕ್ಕಿ: ಕಲ್ಲುಗುಡ್ಡ ಮತ್ತು ಕುರುಚಲು ಪ್ರದೇಶಗಳಲ್ಲಿ ಗುಂಪಾಗಿ ವಾಸಿಸುತ್ತದೆ. ಗಂಡಿನ ಎದೆಯಲ್ಲಿ ಕಪ್ಪು-ಬಿಳಿ ಅಡ್ಡಪಟ್ಟೆಗಳಿರುತ್ತವೆ.
• ಮೂರು ಬೆರಳಿನ ಹಕ್ಕಿ: ಇದರ ಕಾಲಿಗೆ ಹಿಂಬೆರಳಿಲ್ಲ. ಹೆಣ್ಣು ದೊಡ್ಡದು ಹಾಗೂ ಹೆಚ್ಚು ಬಣ್ಣವುಳ್ಳದ್ದು. ಕಾವು ಕೊಡುವುದು ಗಂಡು. ರೂಪದಲ್ಲಿ ಲಾವಕ್ಕಿಯಂತಿದ್ದರೂ ಇದು ಬೇರೆಯೇ ಕುಟುಂಬಕ್ಕೆ ಸೇರಿದೆ.

ಕಾಡುಹಕ್ಕಿಯೊಂದಿಗೆ ಸಂಕರಣ ಏಕೆ ಬೇಡ?

ಕಾಡು ಲಾವಕ್ಕಿಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ ಇದರಿಂದ ಲಾಭವಿಲ್ಲ. ಬೂದು ಲಾವಕ್ಕಿಯೊಂದಿಗೆ ಕೂಡಿದ ಜಪಾನಿ ಹಕ್ಕಿಗೆ ಫಲವತ್ತಾದ ಮರಿಗಳೇ ಹುಟ್ಟುತ್ತವೆ; ಆದರೆ ಹಲವು ಪೀಳಿಗೆಗಳ ಆಯ್ಕೆಯಿಂದ ಬಂದ ತೂಕ ಮತ್ತು ಮೊಟ್ಟೆಯ ಗುಣ ಕುಗ್ಗುತ್ತದೆ. ಕಾಡುಹಕ್ಕಿಯಿಂದ ರೋಗವೂ ಗೂಡಿಗೆ ಬರಬಹುದು. ಸಾಕು ಹಕ್ಕಿಗಳನ್ನು ಹೊಲಕ್ಕೆ ಬಿಡುವುದೂ ಸಲ್ಲದು. ಬೇಟೆಗಾಗಿ ಹೀಗೆ ಬಿಟ್ಟ ಹಕ್ಕಿಗಳಿಂದ ಯುರೋಪಿನಲ್ಲಿ ಕಾಡು ಲಾವಕ್ಕಿಗಳ ತಳಿಶುದ್ಧತೆಗೆ ಧಕ್ಕೆಯಾಗಿದೆ.

ಗಂಡು-ಹೆಣ್ಣು ಗುರುತು

ಕಂದು ಬಣ್ಣದ ತಳಿಗಳಲ್ಲಿ ಮೂರು ವಾರಗಳಿಗೇ ವ್ಯತ್ಯಾಸ ಕಾಣುತ್ತದೆ. ಗಂಡಿನ ಎದೆ ಮಚ್ಚೆಯಿಲ್ಲದ ಇಟ್ಟಿಗೆಗೆಂಪು. ಹೆಣ್ಣಿನ ಎದೆ ತಿಳಿಬಣ್ಣದ್ದಾಗಿದ್ದು ಕಪ್ಪು ಚುಕ್ಕೆಗಳಿಂದ ಕೂಡಿರುತ್ತದೆ. ಬಿಳಿ ತಳಿಗಳಲ್ಲಿ ಪುಕ್ಕದಿಂದ ತಿಳಿಯದು. ಪ್ರಾಯಕ್ಕೆ ಬಂದ ಗಂಡಿನ ಗುದದ್ವಾರದ ಮೇಲ್ಭಾಗದಲ್ಲಿ ಉಬ್ಬು ಇರುತ್ತದೆ. ಮೆಲ್ಲಗೆ ಒತ್ತಿದರೆ ಬಿಳಿ ನೊರೆ ಬರುತ್ತದೆ. ಪೂರ್ಣ ಬೆಳೆದಾಗ ಗಂಡಿಗಿಂತ ಹೆಣ್ಣು ಹೆಚ್ಚು ತೂಗುತ್ತದೆ.

ತಳಿಗಳ ಆಯ್ಕೆ ಮತ್ತು ಸಂಕರಣ

ಬರೇಲಿ ಬಳಿಯ ಇಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯು ಕಾರಿ ಉತ್ತಮ್, ಕಾರಿ ಉಜ್ವಲ್, ಕಾರಿ ಶ್ವೇತಾ, ಕಾರಿ ಪರ್ಲ್ ಮುಂತಾದ ತಳಿಗಳನ್ನು ಅಭಿವೃದ್ಧಿಪಡಿಸಿದೆ. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ನಾಮಕ್ಕಲ್ ಕ್ವೇಲ್-1 ಬಂದಿದೆ. ಸಂಬಂಧವಿಲ್ಲದ ಎರಡು ಮೂಲಗಳಿಂದ ಹಕ್ಕಿಗಳನ್ನು ತಂದು ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಮರಿಗಳ ಸಂಖ್ಯೆ ಮತ್ತು ಬದುಕುಳಿಯುವ ಪ್ರಮಾಣ ಸಾಮಾನ್ಯವಾಗಿ ಉತ್ತಮಗೊಳ್ಳುತ್ತದೆ. ಮಿಶ್ರ ಮರಿಗಳನ್ನೇ ಪರಸ್ಪರ ಕೂಡಿಸುತ್ತ ಹೋದರೆ ಈ ಲಾಭ ಕರಗುತ್ತದೆ.

ಬಣ್ಣವನ್ನು ನೋಡಿ ಆಯ್ಕೆ ಮಾಡುವವರು ಒಂದು ಅಂಶವನ್ನು ಗಮನಿಸಬೇಕು. ಹಳದಿ ಗುಣದ ಹೊಂಬಣ್ಣದ ಹಕ್ಕಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕನೆಯ ಒಂದು ಭಾಗದಷ್ಟು ಭ್ರೂಣಗಳು ಮೊಟ್ಟೆಯಲ್ಲೇ ಸಾಯುತ್ತವೆ. ಅವನ್ನು ಕಂದು ಹಕ್ಕಿಯೊಂದಿಗೆ ಕೂಡಿಸಿದರೆ ಈ ನಷ್ಟವಿಲ್ಲ. ಮರಿಗಳಲ್ಲಿ ಸುಮಾರು ಅರ್ಧ ಹೊಂಬಣ್ಣದವಾಗಿರುತ್ತವೆ.

ರಕ್ತಸಂಬಂಧದ ಕೂಡಿಕೆ ತಡೆಯುವ ಕ್ರಮ

ಒಳಸಂಬಂಧದ ಹಾನಿ ಕೋಳಿಗಿಂತ ಲಾವಕ್ಕಿಯಲ್ಲಿ ಬೇಗ ಗೋಚರಿಸುತ್ತದೆ. ಒಡಹುಟ್ಟಿದವುಗಳನ್ನೇ ಕೂಡಿಸುತ್ತ ಹೋದರೆ ಕೆಲವೇ ಪೀಳಿಗೆಗಳಲ್ಲಿ ಬಂಜೆ ಮೊಟ್ಟೆಗಳು ಹೆಚ್ಚಿ ಗುಂಪೇ ನಶಿಸಬಹುದು. ಇದನ್ನು ತಡೆಯಲು ಮೂರು ಗೂಡುಗಳ ಪದ್ಧತಿ ಅನುಸರಿಸಿ:

1. ಪ್ರತಿ ಗೂಡಿನಲ್ಲಿ 4 ಗಂಡು, 12 ಹೆಣ್ಣು ಇರಲಿ. ಗೂಡುಗಳಿಗೆ ಕೆಂಪು, ಹಳದಿ, ನೀಲಿ ಗುರುತು ಕೊಡಿ.
2. ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಗೂಡಿನ ಗುರುತು ಬರೆಯಿರಿ. ಮೂರೂ ಗೂಡುಗಳ ಮೊಟ್ಟೆಗಳು ಪ್ರತ್ಯೇಕ ವಿಭಾಗಗಳಲ್ಲಿ ಒಡೆಯಲಿ. ಮರಿಯ ಕಾಲಿಗೆ ಅದೇ ಬಣ್ಣದ ಉಂಗುರ ಹಾಕಿ, ಬೆಳೆದಂತೆ ಸಡಿಲಿಸಿ.
3. ಹೆಣ್ಣುಮರಿಗಳು ತಾಯಿಯ ಗೂಡಿನಲ್ಲೇ ಮುಂದುವರಿಯಲಿ. ಕೆಂಪು ಗೂಡಿನ ಗಂಡುಗಳನ್ನು ಹಳದಿಗೆ, ಹಳದಿಯವನ್ನು ನೀಲಿಗೆ, ನೀಲಿಯವನ್ನು ಕೆಂಪಿಗೆ ಸಾಗಿಸಿ.
4. ಗಂಡನ್ನು ಬದಲಿಸಿದ ಮೇಲೆ ಎರಡು ವಾರಗಳ ಮೊಟ್ಟೆಗಳನ್ನು ಮರಿಗೆ ಇಡಬೇಡಿ. ಹಿಂದಿನ ಗಂಡಿನ ವೀರ್ಯ ಹೆಣ್ಣಿನ ದೇಹದಲ್ಲಿ ಉಳಿದಿರುತ್ತದೆ.

ಮರಿ ಮಾಡಿಸುವಾಗ

ಜಪಾನಿ ಹಕ್ಕಿ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಇನ್‌ಕ್ಯುಬೇಟರ್ ಅಗತ್ಯ. ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್ ಇರಲಿ. 17ರಿಂದ 18 ದಿನಗಳಲ್ಲಿ ಮರಿ ಹೊರಬರುತ್ತದೆ. ಕೊನೆಯ ಮೂರು ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶ ಹೆಚ್ಚಿಸಿ. ನಮ್ಮ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಮೊಟ್ಟೆಗಳನ್ನು ದಿನಕ್ಕೆ ಎರಡು ಬಾರಿ ಸಂಗ್ರಹಿಸಿ ತಂಪಾದ ಜಾಗದಲ್ಲಿಡಿ. ಏಳು ದಿನಕ್ಕಿಂತ ಹಳೆಯವನ್ನು ಬಳಸಬೇಡಿ. ಮರಿಗಳು ಬಹಳ ಚಿಕ್ಕವಾದ್ದರಿಂದ ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ. ಇಲ್ಲವಾದರೆ ಮುಳುಗಿ ಸಾಯುತ್ತವೆ.

ಪ್ರತಿ ಬಾರಿ ಇಟ್ಟ ಮೊಟ್ಟೆ ಮತ್ತು ಹೊರಬಂದ ಮರಿಗಳ ಲೆಕ್ಕ ಬರೆದಿಡಿ. ಮೂರು ಬಾರಿ ಸತತವಾಗಿ ಮರಿಗಳ ಪ್ರಮಾಣ ಇಳಿದರೆ ಮೊದಲು ಇನ್‌ಕ್ಯುಬೇಟರ್ ಮತ್ತು ಆಹಾರವನ್ನು ಪರೀಕ್ಷಿಸಿ. ಅವು ಸರಿಯಿದ್ದರೆ ನಂಬಿಕಸ್ತ ಮೂಲದಿಂದ ಹೊಸ ಗಂಡುಗಳನ್ನು ತಂದು, ಎರಡು ವಾರ ಪ್ರತ್ಯೇಕವಾಗಿಟ್ಟು, ಅನಂತರ ಗುಂಪಿಗೆ ಸೇರಿಸಿ. ಹಕ್ಕಿಗಳ ಆರೋಗ್ಯದ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು.