ಮುಹ್ಯಿದ್ದೀನ್ ಮಾಲೆ: ಹಾಡೋ, ಪವಿತ್ರ ಗ್ರಂಥವೋ?

ನಮ್ಮವರಲ್ಲಿ ಮೊಯ್ದಿನ್ ಎಂಬ ಹೆಸರು ಯಾಕಿಷ್ಟು ಎಂದು ಕೇಳಿದರೆ ಉತ್ತರ ಬಗ್ದಾದಿನಲ್ಲಿದೆ. 1166ರಲ್ಲಿ ಅಲ್ಲಿ ವಫಾತಾದ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು ಅದು, ಮುಹ್ಯಿದ್ದೀನ್. ಅವರನ್ನು ಹೊಗಳುವ ಮಾಲೆಯನ್ನು ಮಗ್ರಿಬ್ ಕಳೆದ ಮೇಲೆ ಉಮ್ಮಂದಿರು ರಾಗವಾಗಿ ಓದುತ್ತಿದ್ದರು. ಓದಿ ಮುಗಿಸಿ ಕಣ್ಣಿಗೊತ್ತಿ, ಮುಸ್‌ಹಫಿನ ಪಕ್ಕದಲ್ಲೇ ಎತ್ತಿಡುತ್ತಿದ್ದರು. ಈ ಪಕ್ಕದಲ್ಲಿಡುವುದೇ ಈಗ ತಕರಾರು. ಮಾಲೆಯನ್ನೂ ಖುರ್‌ಆನ್ ಮಾಡಿಬಿಟ್ಟಿರಿ ಎನ್ನುತ್ತಾರೆ ಕೆಲವರು. ಮುಟ್ಟಿದರೆ ಈಮಾನೇ ಹೋಯಿತು ಎಂಬಂತೆ ಕಾಪಾಡುವವರು ಇನ್ನು ಕೆಲವರು.

ನನಗೆ ಕಂಡಂತೆ ಉತ್ತರ ಮಾಲೆಯೊಳಗೇ ಇದೆ. ಅದನ್ನು ಬರೆದವರು ಕೋಝಿಕ್ಕೋಡಿನ ಖಾಝಿ ಮುಹಮ್ಮದ್. ಬರೆದ ವರ್ಷವನ್ನೂ ಹಾಡಿನಲ್ಲೇ ಹೇಳಿದ್ದಾರೆ: ಕೊಲ್ಲಂ ವರ್ಷ 782, ಅಂದರೆ ಕ್ರಿ.ಶ. 1607. ಅರಬಿ ಮಲಯಾಳದಲ್ಲಿ ಕಾಲ ಖಚಿತವಾಗಿರುವ ಕೃತಿಗಳಲ್ಲಿ ಇದೇ ಹಳೆಯದು. ವಿಷಯ ಎಲ್ಲಿಂದ ತೆಗೆದದ್ದು ಎಂದೂ ಮುಚ್ಚಿಡಲಿಲ್ಲ. 'ಬಹ್ಜ', 'ತಕ್ಮಿಲ' ಎಂಬ ಕಿತಾಬುಗಳ ಹೆಸರು ಹೇಳುತ್ತಾರೆ. 'ಬಹ್ಜತುಲ್ ಅಸ್ರಾರ್' ಬರೆದ ಶತ್ತನೂಫಿ ಈಜಿಪ್ಟಿನವರು, ಶೈಖರ ಕಾಲಕ್ಕಿಂತ ನೂರು ವರ್ಷಕ್ಕೂ ಈಚೆಯವರು. ಅವರ ಕರಾಮತ್ತಿನ ಕಥೆಗಳನ್ನು ಇಮಾಂ ದಹಬಿಯಂಥವರು ಆಗಲೇ ಪ್ರಶ್ನಿಸಿದ್ದರು. ಕವಿಯ ಹೆಸರು, ವರ್ಷ, ಆಧಾರ ಎಲ್ಲ ಕೊಡುವ ಬರಹ ತನ್ನನ್ನು ವಹೀ ಎಂದು ಹೇಳಿಕೊಳ್ಳುವುದಿಲ್ಲ. ಪರಿಶೀಲಿಸಿ ಎಂದೇ ಹೇಳುತ್ತದೆ.

ಉಮ್ಮಂದಿರಿಗೂ ಇದು ತಿಳಿದಿತ್ತು. ನಮ್ಮ ಶಾಫಿಈ ಮದ್‌ಹಬಿನಲ್ಲಿ ಮುಸ್‌ಹಫ್ ಮುಟ್ಟಲು ವುಝೂ ಬೇಕು, ಮುಟ್ಟಿನ ದಿನಗಳಲ್ಲಿ ಓದುವಂತಿಲ್ಲ. ಮಾಲೆಗೆ ಆ ಹಂಗಿಲ್ಲ. ಹೆರಿಗೆ ಕೋಣೆಯಲ್ಲಿ ನಫೀಸತ್ ಮಾಲೆ ಹಾಡುತ್ತಿದ್ದದ್ದೇ ಸಾಕ್ಷಿ. ಗೌರವ ಬೇರೆ, ಹುಕುಂ ಬೇರೆ.

1922ರಲ್ಲಿ ಕೊಡುಂಗಲ್ಲೂರಿನಲ್ಲಿ ಐಕ್ಯ ಸಂಘ, 1926ರಲ್ಲಿ ಸಮಸ್ತ ಹುಟ್ಟಿದವು. ಮಾಲೆ ಮೌಲೂದಿನ ಜಗಳ ಆ ಕಾಲದಲ್ಲಿ ಗಟ್ಟಿಯಾಯಿತು. ಸುಧಾರಣೆಯವರ ಒಂದು ಮಾತು ನನಗೂ ಒಪ್ಪಿಗೆ: ಕಷ್ಟದಲ್ಲಿ ಕೂಗಬೇಕಾದದ್ದು ಅಲ್ಲಾಹನನ್ನು. ಆದರೆ ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಅಕ್ಷರ ಕೂಡಿಸಿ ಓದಿದ್ದು ಇಂಥ ಪುಸ್ತಕಗಳಲ್ಲೇ. ಅವನ್ನು ಅಟ್ಟಕ್ಕೆ ಎಸೆದಾಗ ಆ ಲಿಪಿಯೂ ಅಟ್ಟ ಸೇರಿತು. ಇಂದು ನಮ್ಮ ಎಷ್ಟು ಮಕ್ಕಳಿಗೆ ಅದನ್ನು ಓದಲು ಬರುತ್ತದೆ?

ಇನ್ನೂ ಒಂದಿದೆ. ಶೈಖರ ಸ್ವಂತ ಬೋಧನೆ 'ಫುತೂಹುಲ್ ಗೈಬ್' ಎಂಬ ಪ್ರವಚನ ಸಂಗ್ರಹದಲ್ಲಿದೆ. ಸುಧಾರಣೆಯವರು ಬಹಳ ಮೆಚ್ಚುವ ಇಬ್ನು ತೈಮಿಯ್ಯ ಅದರ ಭಾಗಗಳಿಗೆ ವ್ಯಾಖ್ಯಾನ ಬರೆದವರು. ಅವರು ಅದನ್ನು ಪೂಜಿಸಲೂ ಇಲ್ಲ, ಎಸೆಯಲೂ ಇಲ್ಲ, ಕೂತು ಓದಿದರು. ಎರಡೂ ಕಡೆಯ ಎಷ್ಟೋ ಮನೆಗಳಲ್ಲಿ ಆ ಕಿತಾಬು ಇನ್ನೂ ಬಿಚ್ಚಿಲ್ಲ.